ಮೆಚ್ಚುಗೆ ಇರಲಿ, ಹಂಗು ಬೇಡ

ಸದಸ್ಯ ಶಿಕ್ಷಣ ಪಾಠ: ಮನೆ ಬಾಡಿಗೆಗೆ ಕೊಟ್ಟಿರುವ ಬೆಳೆಗಾರರಿಗೆ



ನಮ್ಮ ಸದಸ್ಯರಲ್ಲಿ ಅನೇಕರಿಗೆ ತೋಟದ ಹೊರತಾಗಿ ತಾಲ್ಲೂಕು ಕೇಂದ್ರದಲ್ಲೋ ಜಿಲ್ಲಾ ಕೇಂದ್ರದಲ್ಲೋ ಒಂದೆರಡು ಮನೆಗಳಿವೆ. ಮಕ್ಕಳ ಓದಿಗೆಂದು ಕಟ್ಟಿಸಿದ ಮನೆ, ಮಕ್ಕಳು ಓದು ಮುಗಿಸಿ ಬೆಂಗಳೂರು ಸೇರಿದ ಮೇಲೆ ಬಾಡಿಗೆಗೆ ಹೋಗಿದೆ. ಅಡಿಕೆಗೋ ಕಾಫಿಗೋ ಒಳ್ಳೆಯ ಧಾರಣೆ ಸಿಕ್ಕ ವರ್ಷ ಸೈಟು ಕೊಂಡು, ನಾಲ್ಕು ಮನೆಗಳ ಸಾಲು ಕಟ್ಟಿಸಿದವರೂ ಇದ್ದಾರೆ. ಧಾರಣೆ ಕುಸಿದ ವರ್ಷಗಳಲ್ಲಿ, ಕೊಳೆರೋಗ ಬಂದು ಫಸಲು ಉದುರಿದ ವರ್ಷಗಳಲ್ಲಿ ಈ ಬಾಡಿಗೆಯ ಹಣವೇ ಮನೆಯ ಖರ್ಚನ್ನು ಹಿಡಿದು ನಿಲ್ಲಿಸಿದೆ. ಆ ಹಣ ಪ್ರತಿ ತಿಂಗಳೂ ತಪ್ಪದೆ ಬರುತ್ತಿದ್ದರೆ ಅದಕ್ಕೆ ಕಾರಣ ಆ ಮನೆಯಲ್ಲಿರುವ ಶಿಕ್ಷಕರು, ನರ್ಸು, ಬ್ಯಾಂಕ್ ನೌಕರರು, ಅಂಗಡಿಯವರು.

ಇಂಥ ಒಳ್ಳೆಯ ಬಾಡಿಗೆದಾರರಿಗೆ ನಮ್ಮ ಮೆಚ್ಚುಗೆಯನ್ನು ತಿಳಿಸುವುದು ಹೇಗೆ? ತಿಳಿಸಿದರೆ ಸಲಿಗೆ ಬೆಳೆದು ಬಾಡಿಗೆ ತಡವಾದೀತೇ? ತಿಳಿಸದಿದ್ದರೆ ಒಳ್ಳೆಯವರು ಬೇರೆ ಮನೆ ಹುಡುಕಿಯಾರೇ? ಈ ಪ್ರಶ್ನೆಗಳನ್ನು ಈ ತಿಂಗಳ ಪಾಠದಲ್ಲಿ ವಿಚಾರ ಮಾಡೋಣ.

ಮೊದಲೇ ಒಂದು ಮಾತು. ತೋಟದ ಕೂಲಿಕಾರರ ಲೈನ್ ಮನೆಗಳು ಈ ಪಾಠಕ್ಕೆ ಸೇರಿದ್ದಲ್ಲ. ಪ್ಲಾಂಟೇಷನ್ ಕಾರ್ಮಿಕರಿಗೆ ವಸತಿ ಒದಗಿಸುವುದು 1951ರ ಕಾಯ್ದೆಯ ಕಾಲದಿಂದಲೂ ಕಾನೂನಿನ ಬಾಧ್ಯತೆ. ಅದನ್ನು ಬಾಡಿಗೆ ಎಂದಾಗಲಿ, ಉಪಕಾರ ಎಂದಾಗಲಿ ಎಣಿಸಲಾಗದು. ನಾವಿಲ್ಲಿ ಮಾತನಾಡುತ್ತಿರುವುದು ಕರಾರು ಮಾಡಿಕೊಂಡು, ತಿಂಗಳ ಬಾಡಿಗೆ ಕೊಟ್ಟು ಇರುವವರ ಬಗ್ಗೆ.

ಹಳೆಯ ಸಂಬಂಧ ಮತ್ತು ಹೊಸ ಸಂಬಂಧ

ನಮ್ಮ ಸೀಮೆಯಲ್ಲಿ ಮಾಲೀಕ ಮತ್ತು ಬಾಡಿಗೆದಾರ ಎಂಬ ಮಾತಿಗಿಂತ ಧಣಿ ಮತ್ತು ಒಕ್ಕಲು ಎಂಬ ಮಾತು ಹಳೆಯದು. ಮೂಲಗೇಣಿ, ಚಾಲಗೇಣಿ ಎಂಬ ಪದ್ಧತಿಗಳು ಹಿರಿಯ ಸದಸ್ಯರಿಗೆ ಚೆನ್ನಾಗಿ ನೆನಪಿವೆ. ಗೇಣಿಯ ಅಕ್ಕಿಯ ಜೊತೆಗೆ ಒಕ್ಕಲು ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿ, ಕುಂಬಳಕಾಯಿ ಹೊತ್ತು ತರುತ್ತಿದ್ದ. ಧಣಿ ಅವನಿಗೆ ಊಟ ಹಾಕಿಸಿ, ಒಂದು ಪಂಚೆಯನ್ನೋ ಮನೆಯವಳಿಗೊಂದು ಸೀರೆಯನ್ನೋ ಕೊಟ್ಟು ಕಳುಹಿಸುತ್ತಿದ್ದ. ನೋಡುವುದಕ್ಕೆ ಇದು ಚೆಂದವೇ. ಆದರೆ ಆ ಪಂಚೆಯ ಹಿಂದೆ ಒಂದು ಲೆಕ್ಕವಿತ್ತು. ಮದುವೆ ಮುಂಜಿಗಳಲ್ಲಿ ಒಕ್ಕಲು ಬಂದು ದುಡಿಯಬೇಕು, ಧಣಿಯ ಮಾತಿಗೆ ಎದುರಾಡಬಾರದು, ಕೊಟ್ಟ ಗೇಣಿಗೆ ರಶೀದಿ ಕೇಳಬಾರದು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಭೂಮಿಗಳು ಸರ್ಕಾರಕ್ಕೆ ಸೇರಿ, ಉಳುವವರ ಹೆಸರಿಗೆ ಹೋಗುವ ದಾರಿ ತೆರೆಯಿತು. ಭೂ ನ್ಯಾಯಮಂಡಳಿಯ ಮುಂದೆ ಫಾರಂ 7 ಹಾಕಿದ ಅನೇಕರ ಕೈಯಲ್ಲಿ ಗೇಣಿ ಕೊಟ್ಟ ಒಂದು ಚೀಟಿಯೂ ಇರಲಿಲ್ಲ. ವರ್ಷವರ್ಷವೂ ಹಬ್ಬದ ಪಂಚೆ ಪಡೆದಿದ್ದರು, ರಶೀದಿ ಪಡೆದಿರಲಿಲ್ಲ. ಇಂದು ನಮ್ಮ ಸಂಘದಲ್ಲಿ ಅಂದಿನ ಧಣಿಗಳ ಮನೆಯವರೂ ಇದ್ದಾರೆ, ಅಂದಿನ ಒಕ್ಕಲುಗಳ ಮನೆಯವರೂ ಇದ್ದಾರೆ. ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಒಂದೊಂದು ಮತ ಹಾಕುತ್ತಾರೆ. ಇಬ್ಬರ ಮನೆಗಳಲ್ಲೂ ಈಗ ಬಾಡಿಗೆದಾರರಿದ್ದಾರೆ.

ಈ ಇತಿಹಾಸವನ್ನು ಹೇಳಿದ್ದಕ್ಕೆ ಕಾರಣವಿದೆ. ಭೂಮಿಯ ಗೇಣಿ ಹೋಯಿತು. ಮನಸ್ಸಿನ ಗೇಣಿ ಇನ್ನೂ ಪೂರ್ತಿ ಹೋಗಿಲ್ಲ. ಬಾಡಿಗೆ ಮನೆಯವರಿಗೆ ಒಂದು ಹಲಸಿನ ಹಣ್ಣು ಕೊಟ್ಟ ಮೇಲೆ, ಅವರು ನಮ್ಮ ಮಾತನ್ನು ಸ್ವಲ್ಪ ಹೆಚ್ಚು ಕೇಳಬೇಕೆಂದು ಒಳಗೊಳಗೇ ಅನಿಸುತ್ತದೆ. ಆಗ ಕೊಟ್ಟದ್ದು ಮೆಚ್ಚುಗೆಯಾಗದೆ ಹಂಗಾಗುತ್ತದೆ. ಈ ಪಾಠದ ಸಾರವೆಲ್ಲ ಇಷ್ಟೇ: ಸಲ್ಲಬೇಕಾದ್ದು ಮೊದಲು ಸಲ್ಲಲಿ; ಆ ಮೇಲೆ ಕೊಡುವ ಉಡುಗೊರೆಗೆ ಹಂಗಿನ ಭಾರ ಇಲ್ಲದಿರಲಿ.

ಒಳ್ಳೆಯ ಬಾಡಿಗೆದಾರರ ಬೆಲೆ

ಮೆಚ್ಚುಗೆ ಬರೀ ಸೌಜನ್ಯದ ಮಾತಲ್ಲ, ಅದಕ್ಕೆ ಲೆಕ್ಕವೂ ಇದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳಿಗೆ 9,000 ರೂಪಾಯಿ ಬಾಡಿಗೆಯ ಮನೆ. ಇರುವವರು ಐದು ವರ್ಷದಿಂದ 5ನೇ ತಾರೀಖಿನೊಳಗೆ ಹಣ ಕೊಡುತ್ತಾರೆ, ಗೋಡೆಗೆ ಮೊಳೆ ಹೊಡೆದಿಲ್ಲ, ನೆರೆಹೊರೆಯವರಿಂದ ದೂರಿಲ್ಲ. ನಾವು ತಿಂಗಳಿಗೆ 500 ರೂಪಾಯಿ ಹೆಚ್ಚು ಸಿಗುವುದೆಂದು ಅವರನ್ನು ಬಿಡಿಸಿ ಬೇರೆಯವರಿಗೆ ಕೊಡುತ್ತೇವೆ ಎಂದಿಟ್ಟುಕೊಳ್ಳಿ.

ಹೊಸಬರು ಬರುವವರೆಗೆ ಒಂದೂವರೆ ತಿಂಗಳು ಮನೆ ಖಾಲಿ ಬಿದ್ದರೆ ನಷ್ಟ 13,500 ರೂಪಾಯಿ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಟ್ಟರೆ 9,000 ರೂಪಾಯಿ. ಒಟ್ಟು 22,500 ರೂಪಾಯಿ. ಬಣ್ಣ ಬಳಿಸಿದ ಖರ್ಚನ್ನು, ಹೇಗೂ ಎಂದಾದರೂ ಬಳಿಸಬೇಕಿತ್ತೆಂದು ಲೆಕ್ಕಕ್ಕೆ ಹಿಡಿಯುವುದು ಬೇಡ. ತಿಂಗಳಿಗೆ 500ರಂತೆ ಈ ಹಣ ಮರಳಿ ಬರಲು 45 ತಿಂಗಳು, ಅಂದರೆ ಮೂರು ವರ್ಷ ಒಂಬತ್ತು ತಿಂಗಳು ಬೇಕು. ಅಷ್ಟರಲ್ಲಿ ಹೊಸಬರು ಎರಡು ತಿಂಗಳ ಬಾಡಿಗೆ ಬಾಕಿ ಮಾಡಿದರೆ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾದು ಫಲ ಕಾಣುವ ನಮಗೆ, ಫಲ ಕೊಡುತ್ತಿರುವ ಮರವನ್ನು ಉಳಿಸಿಕೊಳ್ಳುವ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ಮೆಚ್ಚುಗೆ: ಸಲ್ಲಬೇಕಾದ್ದನ್ನು ಸಕಾಲದಲ್ಲಿ ಸಲ್ಲಿಸುವುದು

ಬಾಡಿಗೆದಾರರನ್ನು ಕೇಳಿ ನೋಡಿದರೆ, ದೀಪಾವಳಿಗೆ ಸಿಹಿ ಕೊಡದ ಮಾಲೀಕರ ಬಗ್ಗೆ ಯಾರೂ ದೂರುವುದಿಲ್ಲ. ಜೂನ್ ತಿಂಗಳಲ್ಲಿ ಸೋರುವ ಮಾಡಿನ ಬಗ್ಗೆ ದೂರುತ್ತಾರೆ. ಆದ್ದರಿಂದ ಮೆಚ್ಚುಗೆಯ ಮೊದಲ ಮೆಟ್ಟಿಲು ಈ ಕೆಳಗಿನವು.

(1) ಮಳೆಗಾಲಕ್ಕೆ ಮುಂಚಿನ ರಿಪೇರಿ. ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೋ ದ್ರಾವಣ ಹೊಡೆಯಲು ಹೊರಡುವವರು ಎಷ್ಟು ಜಾಣರೋ, ಮಳೆ ಹಿಡಿದ ಮೇಲೆ ಹಂಚು ಬದಲಿಸಲು ಹೊರಡುವವರೂ ಅಷ್ಟೇ ಜಾಣರು. ಮೇ ತಿಂಗಳ ಮೊದಲ ಎರಡು ವಾರದೊಳಗೆ ಒಡೆದ ಹಂಚು ಬದಲಿಸುವುದು, ತಾರಸಿಯ ನೀರು ಹೋಗುವ ಕೊಳವೆ ಬಿಡಿಸುವುದು, ಅಂಗಳದ ಪಾಚಿ ಉಜ್ಜಿಸುವುದು, ವಿದ್ಯುತ್ ಮೀಟರಿನ ಬಳಿ ನೀರು ಇಳಿಯದಂತೆ ನೋಡುವುದು ಆಗಬೇಕು. ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡರೆ, ಪಂಪು ಕೆಟ್ಟರೆ, ಅದೇ ದಿನ ಜನ ಕಳುಹಿಸಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣದ ಪ್ರಕಾರ, ಮಾಲೀಕನು ತಾನು ಮಾಡಿಸಲು ಬದ್ಧನಾದ ರಿಪೇರಿಯನ್ನು ತಿಳಿಸಿದ ಮೇಲೂ ಯುಕ್ತ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ವಿಷಯ ಅಲ್ಲಿಯವರೆಗೆ ಹೋಗಲು ಬಿಡಬಾರದು.

(2) ರಶೀದಿ. ಪ್ರತಿ ತಿಂಗಳೂ, ಕೇಳುವ ಮೊದಲೇ ಕೊಡಿ. ನಗದಾಗಿ ಪಡೆದ ಹಣ 5,000 ರೂಪಾಯಿಗೆ ಮೀರಿದ್ದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಿ ಸಹಿ ಹಾಕಬೇಕು. ಹಣ ಬ್ಯಾಂಕಿಗೆ ನೇರವಾಗಿ ಬಂದರೂ ತಿಂಗಳ ಹೆಸರು ಬರೆದ ಒಂದು ಚೀಟಿ ಒಳ್ಳೆಯದು. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಪಡೆದು ಅದಕ್ಕೆ ತೆರಿಗೆ ವಿನಾಯಿತಿ ಕೇಳುವ ನೌಕರರಿಗೆ ಈ ಚೀಟಿಯ ಬೆಲೆ ಎರಡು ಕಿಲೋ ಮೈಸೂರು ಪಾಕಿಗಿಂತ ಹೆಚ್ಚು. ಗೇಣಿಯ ಕಾಲದಲ್ಲಿ ಕೊಡದ ರಶೀದಿಯನ್ನು ಈಗಲಾದರೂ ಕೊಡೋಣ.

(3) ಕಾಗದಪತ್ರಗಳಲ್ಲಿ ಸಹಕಾರ. ಅಡುಗೆ ಅನಿಲ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ, ಎಲ್ಲಕ್ಕೂ ವಿಳಾಸದ ದಾಖಲೆ ಬೇಕಾಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯನ್ನು ಬಾಡಿಗೆ ಮನೆಯವರಿಗೂ ಅನ್ವಯವಾಗುವಂತೆ ರೂಪಿಸಲಾಗಿತ್ತು. ಆಗ ಮನೆಯ ಆರ್.ಆರ್. ಸಂಖ್ಯೆಯನ್ನೂ ಕರಾರುಪತ್ರವನ್ನೂ ಕೊಡಲು ಹಿಂಜರಿದ ಮಾಲೀಕರಿದ್ದರು. ಮನೆ ತಮ್ಮ ಕೈತಪ್ಪೀತೆಂಬ ಭಯ ಅವರದು. ಸರಿಯಾದ ಕರಾರುಪತ್ರ ಇದ್ದಲ್ಲಿ ಆ ಭಯಕ್ಕೆ ಕಾರಣವಿಲ್ಲ. ಬಾಡಿಗೆ ಮನೆ ಎಂಬುದನ್ನು ಆ ಪತ್ರವೇ ಸಾರಿ ಹೇಳುತ್ತದೆ.

(4) ನೆಮ್ಮದಿ. ಬಾಡಿಗೆ ಕೊಟ್ಟು ಕರಾರಿನಂತೆ ನಡೆಯುವವನು ಅವಧಿ ಮುಗಿಯುವವರೆಗೆ ಯಾವ ಅಡ್ಡಿಯೂ ಇಲ್ಲದೆ ಮನೆಯಲ್ಲಿರಬಹುದೆಂದು ಮೇಲೆ ಹೇಳಿದ 108ನೇ ಪ್ರಕರಣವೇ ಹೇಳುತ್ತದೆ. ಮನೆ ನಮ್ಮದು, ನಿಜ. ಆದರೆ ಬಾಡಿಗೆಗೆ ಕೊಟ್ಟ ಮೇಲೆ ಬಾಗಿಲು ಅವರದು. ಕೇಂದ್ರ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಮಾಲೀಕನು ಒಳಗೆ ಬರುವ 24 ಗಂಟೆ ಮೊದಲು ಕಾರಣ, ದಿನ ಮತ್ತು ಹೊತ್ತನ್ನು ತಿಳಿಸಬೇಕೆಂದಿದೆ. ಅದು ರಾಜ್ಯಗಳು ಅಳವಡಿಸಿಕೊಳ್ಳಲೆಂದು ಮಾಡಿದ ಮಾದರಿ. ತಾನಾಗಿಯೇ ನಮ್ಮ ಮನೆಗಳಿಗೆ ಅನ್ವಯಿಸುವ ಕಾನೂನಲ್ಲ. ಆದರೂ ಪದ್ಧತಿ ಒಳ್ಳೆಯದು. ತೆಂಗಿನಕಾಯಿ ಕೀಳಿಸುವ ನೆಪದಲ್ಲಿ ಹಿತ್ತಲಿಗೆ ಹೋಗುವವರೂ ಹಿಂದಿನ ದಿನ ಒಂದು ಫೋನು ಮಾಡುವುದು ಮರ್ಯಾದೆ.

ಈ ನಾಲ್ಕೂ ಸರಿಯಾಗಿ ನಡೆದಿದ್ದರೆ ಮಾತ್ರ ಮುಂದಿನ ಉಡುಗೊರೆಯ ಮಾತಿಗೆ ಅರ್ಥ ಬರುತ್ತದೆ. ಸೋರುವ ಮಾಡಿನ ಕೆಳಗೆ ಕೂತು ತಿನ್ನುವ ಹೋಳಿಗೆ ರುಚಿಸುವುದಿಲ್ಲ.

ಉಡುಗೊರೆ: ಏನು, ಎಷ್ಟು, ಯಾವಾಗ

ಕೈಯೆತ್ತಿ ಕೊಡುವುದು ನಮ್ಮ ಮಲೆನಾಡು, ಕರಾವಳಿ, ಕೊಡಗುಗಳ ಹುಟ್ಟುಗುಣ. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಕೆಲವು ಕಟ್ಟುಪಾಡು ಇಟ್ಟುಕೊಂಡರೆ ಸಾಕು.

ಮೊದಲನೆಯದಾಗಿ, ಉಡುಗೊರೆ ಚಿಕ್ಕದಿರಲಿ, ನಮ್ಮ ಬೆಳೆಯದ್ದಿರಲಿ. ಅರ್ಧ ಕಿಲೋ ಮನೆಯ ಕಾಫಿ ಪುಡಿ, ಒಂದು ಸೇರು ಕಾಳುಮೆಣಸು, ಒಂದು ಬಾಟಲಿ ಜೇನು, ಒಂದು ಚಿಪ್ಪು ಬಾಳೆಹಣ್ಣು, ಹತ್ತು ಕಿತ್ತಳೆ. ಪಡೆದವರು ಪ್ರತಿಯಾಗಿ ಏನು ಕೊಡಲಿ ಎಂದು ಚಿಂತಿಸಬೇಕಾದಷ್ಟು ಬೆಲೆಯ ವಸ್ತು ಬೇಡ. ಬೆಳ್ಳಿ ದೀಪ, ರೇಷ್ಮೆ ಸೀರೆ, ಮೊಬೈಲು ಫೋನು ಇವು ಮದುವೆಯ ಉಡುಗೊರೆಗಳು. ಬಾಡಿಗೆಯ ಸಂಬಂಧಕ್ಕೆ ಹೊಂದುವಂಥವಲ್ಲ.

ಎರಡನೆಯದಾಗಿ, ಎಲ್ಲರಿಗೂ ಒಂದೇ ಸಮ. ನಾಲ್ಕು ಮನೆಗಳ ಸಾಲಿನಲ್ಲಿ ಒಂದು ಮನೆಗೆ ಹಣ್ಣಿನ ಬುಟ್ಟಿ ಹೋಗಿ ಮೂರು ಮನೆಗೆ ಹೋಗದಿದ್ದರೆ, ಸಂತೋಷವಾಗುವುದು ಒಂದು ಮನೆಗೆ, ಬೇಸರವಾಗುವುದು ಮೂರು ಮನೆಗೆ. ಹೆಚ್ಚು ವರ್ಷದಿಂದ ಇರುವವರಿಗೆ ವಿಶೇಷವಾಗಿ ಏನಾದರೂ ಮಾಡಬೇಕೆನಿಸಿದರೆ ಅದಕ್ಕೊಂದು ನಿಯಮ ಮಾಡಿ. ಐದು ವರ್ಷ ಪೂರೈಸಿದ ಪ್ರತಿ ಮನೆಗೂ ಮಾಲೀಕರ ಖರ್ಚಿನಲ್ಲಿ ಒಳಗೆ ಹೊಸ ಬಣ್ಣ, ಅಥವಾ ಅಡುಗೆಮನೆಗೆ ಒಂದು ಕಪಾಟು ಎಂದು ಮೊದಲೇ ತಿಳಿಸಿದರೆ ಅದು ಪಕ್ಷಪಾತ ಎನಿಸುವುದಿಲ್ಲ. ಇಂಥ ಮೆಚ್ಚುಗೆಯಿಂದ ಮನೆಯ ಬೆಲೆಯೂ ಉಳಿಯುತ್ತದೆ.

ಮೂರನೆಯದಾಗಿ, ಹೊತ್ತು ಮತ್ತು ಜಾಗ. ಯುಗಾದಿಗೋ ದೀಪಾವಳಿಗೋ ಕೊಡುವುದು ರೂಢಿ. ಬಾಡಿಗೆದಾರರ ಹಬ್ಬ ಕ್ರಿಸ್ಮಸ್ ಅಥವಾ ರಂಜಾನ್ ಆಗಿದ್ದರೆ ಆ ದಿನ ಕೊಡುವುದು ಇನ್ನೂ ಚೆಂದ. ಬಾಗಿಲಲ್ಲಿ ಕೊಟ್ಟು, ಎರಡು ಒಳ್ಳೆಯ ಮಾತಾಡಿ, ಹೊರಡಬೇಕು. ಉಡುಗೊರೆಯ ಜೊತೆಗೆ ಮನೆ ತಪಾಸಣೆ ಇಟ್ಟುಕೊಳ್ಳಬಾರದು. ಬಾಡಿಗೆ ಬಾಕಿಯ ಮಾತನ್ನೂ ಅಂದು ತೆಗೆಯಬಾರದು. ಒಬ್ಬರೇ ಇರುವ ಮಹಿಳೆಯರ ಮನೆಗೆ ಯಜಮಾನರು ಕತ್ತಲಾದ ಮೇಲೆ ಹೋಗುವುದು ಬೇಡ; ಮನೆಯ ಹೆಂಗಸರು ಹಗಲಿನಲ್ಲಿ ಹೋಗಿ ಕೊಟ್ಟು ಬರಲಿ.

ನಾಲ್ಕನೆಯದಾಗಿ, ಸರ್ಕಾರಿ ನೌಕರರ ವಿಷಯದಲ್ಲಿ ಎಚ್ಚರ. ನಮ್ಮ ಮನೆಯಲ್ಲಿ ಕಂದಾಯ ಇಲಾಖೆಯವರೋ ತೋಟಗಾರಿಕೆ ಇಲಾಖೆಯವರೋ ಬಾಡಿಗೆಗಿರಬಹುದು. ಅವರು ಉಡುಗೊರೆ ಪಡೆಯುವುದಕ್ಕೆ ನಡತೆ ನಿಯಮಗಳ ಮಿತಿ ಇರುತ್ತದೆ. ನಮ್ಮ ಕಡತವೊಂದು ಅವರ ಮೇಜಿನ ಮೇಲಿರುವಾಗ ಮನೆಗೆ ಕಾಫಿ ಪುಡಿ ಕಳುಹಿಸಿದರೆ ಅವರಿಗೂ ಇಕ್ಕಟ್ಟು, ನಮಗೂ ಮರ್ಯಾದೆಯಲ್ಲ. ಬ್ಯಾಂಕಿನವರಿಗೂ ಇದೇ ಮಾತು. ಅಂಥವರಿಗೆ ಮನೆಯನ್ನು ಸುಸ್ಥಿತಿಯಲ್ಲಿಟ್ಟು, ಬಾಯಿತುಂಬ ಧನ್ಯವಾದ ಹೇಳಿದರೆ ಧಾರಾಳವಾಯಿತು.

ಐದನೆಯದಾಗಿ, ಕೊಟ್ಟದ್ದನ್ನು ಮರೆಯಬೇಕು. “ಹೋದ ತಿಂಗಳು ಅಷ್ಟು ಕಿತ್ತಳೆ ಕೊಟ್ಟೆ, ಈಗ ನೀರಿನ ಬಿಲ್ಲಿಗೆ ಮುಖ ಸಿಂಡರಿಸುತ್ತಾರೆ” ಎಂಬ ಮಾತು ಬಾಯಿಂದ ಬಂದರೆ ಕಿತ್ತಳೆಯೂ ಹಾಳು, ನೀರಿನ ಬಿಲ್ಲೂ ಹಾಳು.

ಬಾಡಿಗೆಯಲ್ಲಿ ರಿಯಾಯಿತಿ: ಬಾಯಿಮಾತಿನಲ್ಲಿ ಬೇಡ

ಒಳ್ಳೆಯ ಬಾಡಿಗೆದಾರರಿಗೂ ಕಷ್ಟ ಬರುತ್ತದೆ. ಆಸ್ಪತ್ರೆಯ ಖರ್ಚು, ಕೆಲಸ ಹೋಗುವುದು, ಸಂಬಳ ನಿಲ್ಲುವುದು. 2020ರ ಲಾಕ್‌ಡೌನಿನಲ್ಲಿ ಇದನ್ನು ಎಲ್ಲರೂ ಕಂಡೆವು. ಆ ವರ್ಷ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು ವಲಸೆ ಬಂದವರೂ ಸೇರಿದಂತೆ ಬಾಡಿಗೆಗಿರುವ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಆಜ್ಞೆ ಮಾಡಿತ್ತು. ಆಜ್ಞೆ ಇಲ್ಲದ ಕಡೆಯೂ ಬಾಡಿಗೆ ಬಿಟ್ಟವರಿದ್ದರು. ಅದು ದೊಡ್ಡ ಮನಸ್ಸು. ಆದರೆ ಹಲವು ಕಡೆ ಅದೇ ಮುಂದೆ ಜಗಳಕ್ಕೆ ಮೂಲವಾಯಿತು. “ಪರವಾಗಿಲ್ಲ, ಆಮೇಲೆ ನೋಡೋಣ” ಎಂದು ಮಾಲೀಕರು ಹೇಳಿದ ಮಾತನ್ನು ಬಾಡಿಗೆದಾರರು ಬಿಟ್ಟುಕೊಟ್ಟರು ಎಂದು ತಿಳಿದರು. ಮಾಲೀಕರು ಮುಂದೂಡಿದೆ ಎಂದು ತಿಳಿದರು. ಮನೆ ಬಿಡುವ ದಿನ ಮುಂಗಡದಲ್ಲಿ ಆ ಹಣವನ್ನು ಮುರಿದಾಗ ಹಳೆಯ ಸ್ನೇಹವೇ ಮುರಿಯಿತು. “ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ” ಎಂದು ಇಬ್ಬರೂ ಒಬ್ಬರನ್ನೊಬ್ಬರು ಹೇಳಿಕೊಂಡರು.

ಆದ್ದರಿಂದ ರಿಯಾಯಿತಿ ಕೊಡುವಾಗ ಮೂರು ವಿಷಯ ಸ್ಪಷ್ಟವಾಗಿರಬೇಕು. ಹಣವನ್ನು ಪೂರ್ತಿ ಬಿಟ್ಟದ್ದೇ ಅಥವಾ ಮುಂದೂಡಿದ್ದೇ? ಯಾವ ತಿಂಗಳಿಗೆ, ಎಷ್ಟು ರೂಪಾಯಿ? ಮುಂದಿನ ತಿಂಗಳಿಂದ ಎಷ್ಟು? ಇದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಬರೆದು ಕೊಟ್ಟರೆ ಸ್ನೇಹ ಕಡಿಮೆಯಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಕಷ್ಟದಲ್ಲಿರುವವರಿಗೆ ಆ ಕಾಗದವೇ ದೊಡ್ಡ ಧೈರ್ಯ.

ಮಾದರಿ ಪತ್ರ:

“ಮಾನ್ಯರೇ, ತಾವು ನಾಲ್ಕು ವರ್ಷದಿಂದ ನಮ್ಮ ಮನೆಯನ್ನು ಚೆನ್ನಾಗಿ ನೋಡಿಕೊಂಡು, ಬಾಡಿಗೆಯನ್ನು ತಪ್ಪದೆ ಕೊಡುತ್ತ ಬಂದಿದ್ದೀರಿ. ಸದ್ಯದ ತಮ್ಮ ತೊಂದರೆಯನ್ನು ತಿಳಿದು, ಜುಲೈ ತಿಂಗಳ ಬಾಡಿಗೆ 9,000 ರೂಪಾಯಿಯಲ್ಲಿ 4,500 ರೂಪಾಯಿಯನ್ನು ಪೂರ್ತಿಯಾಗಿ ಬಿಟ್ಟಿದ್ದೇವೆ. ಇದನ್ನು ಮುಂದೆ ಕೇಳುವುದಿಲ್ಲ, ಮುಂಗಡದಲ್ಲಿಯೂ ಮುರಿಯುವುದಿಲ್ಲ. ಉಳಿದ 4,500 ರೂಪಾಯಿಯನ್ನು ಸೆಪ್ಟೆಂಬರ್, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ 1,500 ರೂಪಾಯಿಯಂತೆ ಬಾಡಿಗೆಯ ಜೊತೆ ಕೊಡುವುದು. ಆಗಸ್ಟ್ ತಿಂಗಳಿಂದ ಬಾಡಿಗೆ ಎಂದಿನಂತೆ 9,000 ರೂಪಾಯಿ. ಕರಾರಿನ ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ.”

ಇದರಲ್ಲಿ ಮೆಚ್ಚುಗೆ ಇದೆ, ಲೆಕ್ಕವೂ ಇದೆ. ಒಂದು ಇನ್ನೊಂದಕ್ಕೆ ಅಡ್ಡ ಬಂದಿಲ್ಲ.

ಕರಾರು ಮತ್ತು ಬಾಡಿಗೆ ಏರಿಕೆ

ಬಾಡಿಗೆ ಏರಿಸುವುದೇ ತಪ್ಪೆಂದು ಯಾರೂ ಹೇಳುವುದಿಲ್ಲ. ಏರಿಸುವ ರೀತಿಯಲ್ಲಿ ಮೆಚ್ಚುಗೆಯನ್ನು ತೋರಿಸಬಹುದು. ಮೇಲೆ ಹೇಳಿದ ಮಾದರಿ ಕಾಯ್ದೆಯು ಏರಿಕೆಯನ್ನು ಮೂರು ತಿಂಗಳು ಮೊದಲು ಬರೆದು ತಿಳಿಸಬೇಕೆನ್ನುತ್ತದೆ. ಸಂಬಳದಲ್ಲಿ ಬದುಕುವವರಿಗೆ ಈ ಮೂರು ತಿಂಗಳು ದೊಡ್ಡ ಉಪಕಾರ. ಪೇಟೆಯಲ್ಲಿ ಏರುತ್ತಿರುವುದಕ್ಕಿಂತ ನೂರಿನ್ನೂರು ಕಡಿಮೆ ಏರಿಸಿ, “ತಾವು ಹಳಬರೆಂದು ಇಷ್ಟೇ ಏರಿಸಿದ್ದೇವೆ” ಎಂದು ಪತ್ರದಲ್ಲಿ ಒಂದು ಸಾಲು ಬರೆದರೆ ಅದೂ ಮೆಚ್ಚುಗೆಯೇ.

ಇನ್ನೊಂದು ವಿಷಯಕ್ಕೆ ನಮ್ಮ ಸದಸ್ಯರ ಗಮನ ಸಾಲದು. ಎಲ್ಲೆಡೆ 11 ತಿಂಗಳ ಕರಾರೇ ರೂಢಿಯಾಗಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿ ಪತ್ರವನ್ನು ನೋಂದಾಯಿಸಬೇಕಾದ್ದರಿಂದ, ಆ ಖರ್ಚು ಮತ್ತು ಓಡಾಟ ತಪ್ಪಿಸಲು ಹೀಗೆ ಮಾಡುತ್ತಾರೆ. ಆದರೆ ಮಗಳನ್ನು ಎಂಟನೇ ತರಗತಿಗೆ ಸೇರಿಸಿದ ತಾಯಿಗೆ, ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಮನೆ ಬಿಡಬೇಕಾಗುವುದಿಲ್ಲ ಎಂಬ ಭರವಸೆಗಿಂತ ಬೇರೆ ಉಡುಗೊರೆ ಬೇಕಿಲ್ಲ. ಒಳ್ಳೆಯ ಬಾಡಿಗೆದಾರರು ಬಯಸಿದರೆ ಮೂರು ವರ್ಷದ ಕರಾರನ್ನು, ವರ್ಷವರ್ಷದ ಏರಿಕೆಯನ್ನು ಅದರಲ್ಲೇ ಬರೆದು, ನೋಂದಾಯಿಸಿ ಕೊಡುವುದನ್ನು ಯೋಚಿಸಬೇಕು. ನಮಗೂ ಮೂರು ವರ್ಷದ ಆದಾಯದ ಭದ್ರತೆ ಸಿಗುತ್ತದೆ.

ಕಾನೂನಿನ ಬಗ್ಗೆ ಒಂದು ಸೂಚನೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬಾಡಿಗೆ ಒಂದು ಮಿತಿಗೆ ಮೀರಿದ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂಥ ಮನೆಗಳಿಗೆ ನಮ್ಮ ಕರಾರುಪತ್ರವೂ 1882ರ ಕಾಯ್ದೆಯೂ ಆಧಾರ. ಹಾಗಾಗಿ ಕರಾರಿನಲ್ಲಿ ಬರೆದ ಪ್ರತಿ ಸಾಲಿಗೂ ಬೆಲೆ ಇದೆ. ಔದಾರ್ಯವನ್ನೂ ಬರೆದೇ ತೋರಿಸಬೇಕೆಂದು ನಾವು ಹೇಳುವುದು ಇದಕ್ಕೇ.

ಮಾತು ಮತ್ತು ಮಿತಿ

ಬಾಡಿಗೆದಾರರು ವಯಸ್ಸಿನಲ್ಲಿ ಕಿರಿಯರಾದರೂ ಬಹುವಚನದಲ್ಲೇ ಮಾತಾಡಿಸಬೇಕು. “ಮೇಷ್ಟ್ರೇ”, “ಸಿಸ್ಟರ್”, “ಅಮ್ಮಾ” ಎಂದರೆ ನಮ್ಮ ದೊಡ್ಡತನ ಕಡಿಮೆಯಾಗುವುದಿಲ್ಲ. ಮನೆಗೆ ಯಾರು ಬಂದರು, ಅಡುಗೆಗೆ ಏನು ಮಾಡಿದರು, ಯಾವ ಜಾತಿಯವರು, ಮದುವೆ ಏಕೆ ಆಗಿಲ್ಲ ಎಂಬ ಪ್ರಶ್ನೆಗಳು ಬಾಡಿಗೆಯ ಕರಾರಿನಲ್ಲಿ ಬರುವಂಥವಲ್ಲ. ಬುಟ್ಟಿ ತುಂಬ ಹಣ್ಣು ಕೊಟ್ಟು ಇಂಥ ಒಂದು ಪ್ರಶ್ನೆ ಕೇಳಿದರೆ, ಅವರ ನೆನಪಿನಲ್ಲಿ ಉಳಿಯುವುದು ಪ್ರಶ್ನೆಯೇ.

ನಾವು ಕೇಳುವ ಚಿಕ್ಕಪುಟ್ಟ ಉಪಕಾರಗಳ ಬಗ್ಗೆಯೂ ಯೋಚಿಸಬೇಕು. ಶಿಕ್ಷಕರು ಬಾಡಿಗೆಗಿದ್ದಾರೆಂದು ನಮ್ಮ ಮೊಮ್ಮಗನಿಗೆ ಪುಕ್ಕಟೆ ಪಾಠ. ನರ್ಸ್ ಇದ್ದಾರೆಂದು ನಡುರಾತ್ರಿ ಇಂಜೆಕ್ಷನ್. ಬ್ಯಾಂಕಿನವರಿದ್ದಾರೆಂದು ಬೆಳೆಸಾಲದ ಶಿಫಾರಸು. ಕೇಳಿದಾಗ ಅವರು ಇಲ್ಲವೆನ್ನಲಾರರು, ಏಕೆಂದರೆ ಇರುವುದು ನಮ್ಮ ಮನೆಯಲ್ಲಿ. ಇಲ್ಲವೆನ್ನಲಾಗದವರ ಹತ್ತಿರ ಕೇಳುವುದು ಹಿಂದಿನ ಬಿಟ್ಟಿ ಚಾಕರಿಯ ಇನ್ನೊಂದು ರೂಪ. ಪಾಠ ಹೇಳಿಸುವುದಿದ್ದರೆ ಸಲ್ಲುವ ಶುಲ್ಕ ಕೊಟ್ಟು ಹೇಳಿಸಬೇಕು. ಆ ಶುಲ್ಕವನ್ನು ಬಾಡಿಗೆಯಲ್ಲಿ ಮುರಿಯದೆ ಬೇರೆಯಾಗಿಯೇ ಕೊಡಬೇಕು.

ಅವರು ಪ್ರೀತಿಯಿಂದ ಏನಾದರೂ ಕೊಟ್ಟರೆ? ಮನೆಯ ಪಾಯಸವನ್ನೋ, ಊರಿಂದ ತಂದ ಜೋಳದ ರೊಟ್ಟಿಯನ್ನೋ ಸಂತೋಷದಿಂದ ತೆಗೆದುಕೊಳ್ಳಬೇಕು. ಸರಿಸಮಾನರ ನಡುವೆ ಕೊಡುವುದು ಮತ್ತು ಪಡೆಯುವುದು ಎರಡೂ ಇರುತ್ತದೆ. ಕೊಡುವ ಹಕ್ಕು ತಮಗೊಬ್ಬರಿಗೇ ಎಂದು ತಿಳಿಯುವುದೂ ಧಣಿತನವೇ.

ಇಷ್ಟೆಲ್ಲ ಮಾಡಿದ ಮೇಲೂ ಬಾಡಿಗೆ ತಡವಾದರೆ ಕೇಳಲು ಸಂಕೋಚ ಬೇಡ. 10ನೇ ತಾರೀಖು ದಾಟಿದರೆ ಒಂದು ನೆನಪಿನ ಮಾತು, 20 ದಾಟಿದರೆ ಒಂದು ಪತ್ರ ಎಂದು ಎಲ್ಲರಿಗೂ ಒಂದೇ ಕ್ರಮ ಇಟ್ಟುಕೊಂಡರೆ ಯಾರಿಗೂ ಅವಮಾನವಾಗದು. ದಾಕ್ಷಿಣ್ಯಕ್ಕೆ ಸುಮ್ಮನಿದ್ದು ಆರನೇ ತಿಂಗಳಲ್ಲಿ ಒಮ್ಮೆಲೇ ಸಿಡಿಯುವವರಿಂದಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ.

ಮನೆ ಬಿಡುವ ದಿನ

ಬಾಡಿಗೆದಾರರು ಹತ್ತು ವರ್ಷ ಪಡೆದ ಹಣ್ಣುಹಂಪಲನ್ನು ಮರೆತಾರು. ಮನೆ ಬಿಡುವ ದಿನ ಮುಂಗಡ ಹೇಗೆ ಮರಳಿತು ಎಂಬುದನ್ನು ಮರೆಯುವುದಿಲ್ಲ. ಹೊಸ ಊರಿನಲ್ಲಿ ಹೊಸ ಮನೆಗೆ ಮುಂಗಡ ಕೊಡಬೇಕಾದವರು ಅವರು. “ಅಡಿಕೆ ಮಾರಿದ ಮೇಲೆ ಕೊಡುತ್ತೇನೆ” ಎಂದು ನಾವು ಹೇಳಿದರೆ ಅವರ ಸಾಮಾನು ಲಾರಿಯಲ್ಲೇ ನಿಲ್ಲುತ್ತದೆ. ಮುಂಗಡದ ಹಣ ನಮ್ಮದಲ್ಲ. ಅದನ್ನು ಗೊಬ್ಬರಕ್ಕೂ ಕೊಯ್ಲಿನ ಕೂಲಿಗೂ ಖರ್ಚು ಮಾಡದೆ ಬ್ಯಾಂಕಿನಲ್ಲಿ ಬೇರೆ ಠೇವಣಿಯಾಗಿ ಇಡಬೇಕು. ಮಾದರಿ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆನ್ನುತ್ತದೆ. ಮನೆಯನ್ನು ವಹಿಸಿಕೊಂಡ ದಿನವೇ ಬಾಕಿ ಮುರಿದು ಹಣ ಮರಳಿಸಬೇಕೆಂದೂ ಹೇಳುತ್ತದೆ.

ಮುರಿಯುವುದಿದ್ದರೆ ವಿವರ ಬರೆದು ಕೊಡಿ. ಉದಾಹರಣೆಗೆ: ಮುಂಗಡ 30,000 ರೂಪಾಯಿ, ವಿದ್ಯುತ್ ಬಾಕಿ 640 ರೂಪಾಯಿ, ಒಡೆದ ಕಿಟಕಿ ಗಾಜು 450 ರೂಪಾಯಿ, ಮರಳಿಸಿದ್ದು 28,910 ರೂಪಾಯಿ. ಸಹಜವಾಗಿ ಸವೆದದ್ದಕ್ಕೆ ಹಣ ಮುರಿಯುವುದು ನ್ಯಾಯವಲ್ಲ. ಬಾಡಿಗೆದಾರನು ಮನೆಯನ್ನು ಮೊದಲಿನಂತೆ ಒಪ್ಪಿಸಬೇಕೆಂದು ಹೇಳುವ ಕಾನೂನೇ ಸಹಜ ಸವೆತವನ್ನು ಬಿಟ್ಟಿದೆ. ಬಣ್ಣಕ್ಕೆಂದು ಹಣ ಹಿಡಿಯುವ ರೂಢಿ ಇದ್ದರೆ ಅದನ್ನು ಬರುವ ದಿನವೇ ಕರಾರಿನಲ್ಲಿ ಬರೆದಿರಬೇಕು.

ಕೊನೆಗೆ ಒಂದು ಪತ್ರ. “ಇವರು ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಮ್ಮ ಮನೆಯಲ್ಲಿ ಬಾಡಿಗೆಗಿದ್ದರು. ಬಾಡಿಗೆಯನ್ನು ಸಕಾಲದಲ್ಲಿ ಕೊಟ್ಟಿದ್ದಾರೆ. ಮನೆಯನ್ನು ಸುಸ್ಥಿತಿಯಲ್ಲಿ ಒಪ್ಪಿಸಿದ್ದಾರೆ. ಯಾವ ಬಾಕಿಯೂ ಇಲ್ಲ.” ನಾಲ್ಕೇ ಸಾಲು, ಸಹಿ, ದಿನಾಂಕ. ವರ್ಗವಾಗಿ ಗೊತ್ತಿಲ್ಲದ ಊರಿಗೆ ಹೋಗುವವರಿಗೆ ಹೊಸ ಮಾಲೀಕರ ಮುಂದೆ ಇಡಲು ಇದಕ್ಕಿಂತ ಉಪಯುಕ್ತ ಉಡುಗೊರೆ ಇಲ್ಲ. ಬರೆಯುವವರಿಗೆ ಖರ್ಚು ಒಂದು ಹಾಳೆ ಮಾತ್ರ.

ನೆನಪಿಡಬೇಕಾದ ಅಂಶಗಳು

1. ರಿಪೇರಿ, ರಶೀದಿ, ಕಾಗದಪತ್ರ, ನೆಮ್ಮದಿ: ಇವು ಮೊದಲು; ಉಡುಗೊರೆ ಆಮೇಲೆ.
2. ಉಡುಗೊರೆ ಚಿಕ್ಕದಿರಲಿ, ಎಲ್ಲರಿಗೂ ಸಮನಾಗಿರಲಿ, ಬಾಗಿಲಲ್ಲೇ ಮುಗಿಯಲಿ.
3. ರಿಯಾಯಿತಿಯನ್ನು ಬರೆದು ಕೊಡಿ. ಬಿಟ್ಟದ್ದೋ ಮುಂದೂಡಿದ್ದೋ ಎಂಬುದು ಸ್ಪಷ್ಟವಿರಲಿ.
4. ಏರಿಕೆಯನ್ನು ಮೂರು ತಿಂಗಳು ಮೊದಲು ತಿಳಿಸಿ.
5. ಪುಕ್ಕಟೆ ಉಪಕಾರ ಕೇಳಬೇಡಿ.
6. ಮುಂಗಡವನ್ನು ಬೇರೆಯಾಗಿ ಇಡಿ. ಮನೆ ಬಿಡುವ ದಿನವೇ ವಿವರ ಸಹಿತ ಮರಳಿಸಿ.

ಸದಸ್ಯರ ಕೂಟದಲ್ಲಿ ಚರ್ಚೆಗೆ

(ಅ) ನಿಮ್ಮ ಬಾಡಿಗೆ ಮನೆಯಲ್ಲಿ ಈ ಮಳೆಗಾಲಕ್ಕೆ ಮುನ್ನ ಆಗಬೇಕಾದ ಮೂರು ಕೆಲಸಗಳು ಯಾವುವು?
(ಆ) ಕಳೆದ ಒಂದು ವರ್ಷದ ರಶೀದಿಗಳ ಪ್ರತಿಗಳು ನಿಮ್ಮ ಬಳಿ ಇವೆಯೇ?
(ಇ) ನಾಳೆಯೇ ಬಾಡಿಗೆದಾರರು ಮನೆ ಬಿಟ್ಟರೆ ಅವರ ಮುಂಗಡ ಮರಳಿಸಲು ನಿಮ್ಮಲ್ಲಿ ಹಣ ಸಿದ್ಧವಿದೆಯೇ?

ಮೂರನೆಯ ಪ್ರಶ್ನೆಗೆ “ಇದೆ” ಎಂದು ಹೇಳಬಲ್ಲ ಸದಸ್ಯರು ಮೆಚ್ಚುಗೆಯ ಪಾಠದಲ್ಲಿ ಅರ್ಧಕ್ಕಿಂತ ಹೆಚ್ಚು ತೇರ್ಗಡೆಯಾದಂತೆ. ಉಳಿದವರು ಈ ಸಲ ಫಸಲಿನ ಹಣ ಕೈಗೆ ಬಂದ ಕೂಡಲೇ ಮೊದಲು ಆ ಠೇವಣಿಯನ್ನು ಮಾಡಿಡಲಿ. ಹಣ್ಣಿನ ಬುಟ್ಟಿ ದೀಪಾವಳಿಯವರೆಗೆ ಕಾಯಬಹುದು.